ಕಾಲುವೆ ಕಲಿಯ ಮುಖ

ಭೀಮರಾಯನಗುಡಿ ಕ್ಯಾಂಪ್,
ತಾ. ಶಹಾಪುರ, ಜಿ. ಗುಲಬರ್ಗಾ
೧೨ ಜೂನ್ ೧೯೮೮

ದೋಸ್ತ ಮಸ್ತಾನಸಾಬನಿಗೆ ಅಂಬ್ರಪ್ಪನ ಸಲಾಮು.

ಈ ವಿಳಾಸ ಸರಿಯೋ ತಪ್ಪೋ ಗೊತ್ತಿಲ್ಲ. ಸುರಪುರದಲ್ಲಿ ನಿಮ್ಮ ಕಾಕಾ ಉಸ್ಮಾನಸಾಬರು ಹೇಳಿದ್ದನ್ನು ಅಂಗೈ ಮೇಲೆ ಬರೆದುಕೊಂಡು ಬಂದೆ. ಬಸ್ಸಿನಲ್ಲಿ ಬೆವರಿಗೆ ಅರ್ಧ ಅಳಿಸಿಹೋಯಿತು. ಹೈದರಾಬಾದು, ಮಲ್ಲೇಪಲ್ಲಿ ಎಂಬುದು ಮಾತ್ರ ಖಾತ್ರಿ. ಮನೆ ನಂಬರು ಹದಿನೇಳೋ ಎಪ್ಪತ್ತೊಂದೋ ತಿಳಿಯದೆ ಎರಡನ್ನೂ ಬರೆದಿದ್ದೇನೆ. ಬೇರೆ ಯಾರಿಗಾದರೂ ಸಿಕ್ಕರೆ ಅವರಿಗೆ ಕನ್ನಡ ಬಾರದಿರಲಿ.

ನೀನು ಹೇಳದೆ ಹೋಗಿ ಐದು ತಿಂಗಳಾಯಿತು. ಕಾಲುವೆಯ ಗ್ಯಾಂಗ್‌ಮನ್ ಕೆಲಸವನ್ನು ಬಿಟ್ಟು ಯಾರಾದರೂ ಹೋಗುತ್ತಾರೇನು ಎಂದು ಕ್ಯಾಂಪಿನವರೆಲ್ಲ ನನ್ನನ್ನು ಕೇಳುತ್ತಾರೆ. ಖಾನಾವಳಿ ಮಾನಮ್ಮ ಮಾತ್ರ ಬೇರೆ ಥರ ಕೇಳುತ್ತಾಳೆ. ನಿನ್ನೆ ರೊಟ್ಟಿ ಹಾಕುತ್ತ, "ಅಂವ ಯಾಕ ಹೋದ ಅಂತ ನಾ ಕೇಳಂಗಿಲ್ಲ. ನೀ ಏನ್ ಮಾಡಿದಿ ಅಂತ ಹೇಳು" ಅಂದಳು. ನಾನು ಖಾರ ಹೆಚ್ಚಾಯಿತು ಎಂದು ನೀರು ಕುಡಿದೆ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಅಲ್ಲಿಂದ ಶುರು ಮಾಡದಿದ್ದರೆ ನನಗೆ ಮುಂದಿನ ಮಾತು ಬರುವುದಿಲ್ಲ. ಆ ಮಳೆಗಾಲ ಒಂಬತ್ತನೇ ಕಾಲುವೆಯ ತೂಬಿನ ಬಾಗಿಲು ಸಿಕ್ಕಿಬಿದ್ದು ನೀರು ಏರಿಯ ಮೇಲೆ ಹರಿಯುತ್ತಿತ್ತು. ನಾನು ಅಲ್ಲೇ ಕಿಲೋಮೀಟರ್ ಕಲ್ಲಿಗೆ ಅಂಕಿ ಬರೆಯುತ್ತಿದ್ದೆ. ನೀನು ಅಂಗಿ ಕಳಚಿ ಹಾರಿದೆ. ಎಷ್ಟು ಹೊತ್ತಾದರೂ ಮೇಲೆ ಬರಲಿಲ್ಲ. ಸಾಹೇಬರು ಆಗಲೇ ಹಾಜರಿ ಪುಸ್ತಕ ತರಿಸಿ ನಿನ್ನ ಪೂರ್ತಿ ಹೆಸರು ಏನೆಂದು ನನ್ನನ್ನು ಕೇಳುತ್ತಿದ್ದರು. ಅಷ್ಟರಲ್ಲಿ ನೀನು ಬಾಗಿಲಿಗೆ ಅಡ್ಡ ಸಿಕ್ಕಿದ್ದ ಜಾಲಿ ಬೊಡ್ಡೆಯನ್ನು ಎದೆಗೆ ಅಪ್ಪಿಕೊಂಡು ಎದ್ದು ಬಂದೆ. ಬಾಗಿಲು ಇಳಿಯಿತು. ಕೆಳಗಿನ ಊರು ಉಳಿಯಿತು. ಅವತ್ತೇ ಒಂದು ತಗಡಿನ ಹಿಂಬದಿಗೆ ಇದ್ದಿಲಿನಿಂದ ನಿನ್ನನ್ನು ಬರೆದೆ. ನನ್ನ ಚಿತ್ರಕಥೆಯ ಕಾಲುವೆ ಕಲಿ ಹುಟ್ಟಿದ್ದು ಆ ತಗಡಿನ ಮೇಲೆ.

ಶಹಾಪುರ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಎಲ್ಲ ಚಿತ್ರಕಥೆಗಳನ್ನೂ ನಾವಿಬ್ಬರು ನಿಂತೇ ಓದಿದವರು. ವೀರರೆಲ್ಲ ಬೆಳ್ಳಗೆ, ದೇವರಾದರೆ ನೀಲಿ. ನಿನ್ನ ಬಣ್ಣದವನು ಬಂದರೆ ರಾಕ್ಷಸನಾಗಿ ಬಂದು ಒದೆ ತಿಂದು ಹೋಗುತ್ತಿದ್ದ. "ನನ್ನಂಥಾವ ಒಬ್ಬನಾರ ಚೊಲೋ ಮನಿಷಾ ಅದಾನೇನೋ ಇದ್ರಾಗ?" ಎಂದು ನೀನು ಕೇಳಿದೆ. ನಾನು ಬರೆಯುತ್ತೇನೆ ಅಂದೆ. ಮುಖ ನಿನ್ನದೇ ಇರುತ್ತದೆ ಅಂದೆ. ಅಂದದ್ದು ಹೌದು.

ಕಲಿಯ ಮೊದಲ ಸಂಚಿಕೆ ನೋಡಿದ ಮೂರನೆಯ ದಿನ ನೀನು ಹೋದೆ. ಅದರ ಬಗ್ಗೆ ಇದರಲ್ಲಿ ಬರೆಯಲು ಜಾಗವಿಲ್ಲ. ಮುಂದಿನದರಲ್ಲಿ ಬರೆಯುತ್ತೇನೆ. ಏಳನೆಯ ವರ್ಗಕ್ಕೆ ಸಾಲೆ ಬಿಟ್ಟವನು ನಾನು, ತಪ್ಪಿದ್ದರೆ ತಿದ್ದಿಕೊಂಡು ಓದು. ಅಂಟು ಸರಿ ಹತ್ತಿಲ್ಲವೆಂದು ಎರಡು ಸಲ ಹಚ್ಚಿದ್ದೇನೆ, ಒಡೆಯುವಾಗ ಅಕ್ಷರ ಹರಿಯದಂತೆ ನೋಡಿಕೋ.

ನಿನ್ನ
ಅಂಬ್ರಪ್ಪ


ಭೀಮರಾಯನಗುಡಿ ಕ್ಯಾಂಪ್
೩ ಆಗಸ್ಟ್ ೧೯೮೮

ಮಸ್ತಾನ,

ಉತ್ತರವಿಲ್ಲ. ಕಾಗದ ಮುಟ್ಟಿಲ್ಲವೋ, ಮುಟ್ಟಿಯೂ ನೀನು ಬರೆದಿಲ್ಲವೋ, ಎರಡರಲ್ಲಿ ಯಾವುದಕ್ಕೆ ಹೆದರಬೇಕು ತಿಳಿಯದು. ಈ ಸಲ ಹದಿನೇಳಕ್ಕೊಂದು, ಎಪ್ಪತ್ತೊಂದಕ್ಕೊಂದು ಹಾಕುತ್ತಿದ್ದೇನೆ. ಎರಡರಲ್ಲೂ ಇದನ್ನೇ ಬರೆದಿದ್ದೇನೆ. ಎರಡು ಸಲ ಬರೆಯುವುದು ಕಷ್ಟವಾಯಿತು.

ರಾಯಚೂರಿಗೆ ಕಲಿಯ ಮೊದಲ ಪುಟಗಳನ್ನು ಒಯ್ದಾಗ 'ಗಿರಗಿಟ್ಲೆ' ಮಕ್ಕಳ ಮಾಸಪತ್ರಿಕೆ ನಡೆಸುವ ಅನ್ನಮ್ಮ ಅಕ್ಕೋರಿಗೆ ಬಹಳ ಹಿಡಿಸಿತು. ಸಾಲೆಯಲ್ಲಿ ಮೂವತ್ತು ವರ್ಷ ಕಲಿಸಿದವರು, ಮೆಚ್ಚಿದರೆ ಬೆನ್ನು ತಟ್ಟುತ್ತಾರೆ, ನನಗೂ ತಟ್ಟಿದರು. ಆಮೇಲೆ ಅಚ್ಚಿನ ಮನೆಯವನು ಬಂದ. "ಕರೀ ಮುಖ ಅಚ್ಚಿನ್ಯಾಗ ನಿಂದ್ರಂಗಿಲ್ಲಪಾ. ಮಸಿ ತುಂಬಿ ಬರೇ ಮುದ್ದಿ ಆಗ್ತದ. ಕಣ್ಣು ಮೂಗು ಎಲ್ಲಾ ಮುಚ್ಚಿ ಹೋಗ್ತಾವ" ಅಂದ. ಒಂದು ಹಾಳೆ ಒತ್ತಿಯೂ ತೋರಿಸಿದ. ಅವನು ಸುಳ್ಳು ಹೇಳಿರಲಿಲ್ಲ. ನಿನ್ನ ಮುಖ ಇದ್ದಲ್ಲಿ ಎಣ್ಣೆ ಚೆಲ್ಲಿದಂತೆ ಕಲೆ ಬಿದ್ದಿತ್ತು.

ಮುಖ ಬಿಳಿ ಬಿಡೋಣವೇ ಎಂದು ಅಕ್ಕೋರು ಕೇಳಿದರು. ಅದು ಬೇಡ ಅಂದೆ. ಇಷ್ಟಕ್ಕೇ ಸುಮ್ಮನಿದ್ದಿದ್ದರೆ ನಾನು ಮನುಷ್ಯ. ಸುಮ್ಮನಿರಲಿಲ್ಲ. ಕಾಲುವೆ ಅಗೆಯುವಲ್ಲಿ ಧೂಳಿಗೆ ಮಂದಿ ಮುಖಕ್ಕೆ ದಸ್ತಿ ಕಟ್ಟುತ್ತಾರಲ್ಲ, ಕಲಿಗೂ ಕಟ್ಟೋಣ, ಕಣ್ಣು ಮಾತ್ರ ಕಾಣಲಿ ಅಂದೆ. ಯಾರೂ ಕೇಳಿರಲಿಲ್ಲ. ನಾನೇ ಅಂದೆ. ಪುಟಗಳನ್ನು ಹೊಳ್ಳಿ ಒಯ್ದುಬಿಡು ಅಂದಾರು ಎಂದು ಹೆದರಿ ಅಂದೆ. ವಾಪಸು ಬರುವ ಬಸ್ಸಿನಲ್ಲಿ ನಾನು ಬಹಳ ಶಾಣ್ಯಾ ಅಂದುಕೊಂಡಿದ್ದೆ. ನಿನಗೆ ಹೇಳಲಿಲ್ಲ.

ಸಂಚಿಕೆ ಅಚ್ಚಾಗಿ ಬಂದಾಗ ನೀನು ಹತ್ತು ಪ್ರತಿ ಕೊಂಡೆ. ಸುರಪುರದವರಿಗೆ ಹಂಚಿದೆ. ಖಾನಾವಳಿಯಲ್ಲಿ ಜೀಪಿನ ವೆಂಕಟಪ್ಪ ಪುಟ ತಿರುವಿ ತಿರುವಿ, "ಮಸ್ತಾನಾ, ನೀ ಎಲ್ಲಿದ್ದೀಯೋ ಇದ್ರಾಗ? ನಿನ್ನ ದಸ್ತಿ ಮಾತ್ರ ಕಾಣ್ತದ" ಅಂದ. ಕೂತವರೆಲ್ಲ ನಕ್ಕರು.

ನಾನೂ ನಕ್ಕೆ. ಅದನ್ನು ನೀನು ನೋಡಿದೆ.

ಅಂಬ್ರಪ್ಪ


ಮಲ್ಲೇಪಲ್ಲಿ, ಹೈದರಾಬಾದು
೨೯ ಆಗಸ್ಟ್ ೧೯೮೮

ಅಂಬ್ರಪ್ಪನಿಗೆ,

ನಿನ್ನ ಕಾಗದಗಳು ಮುಟ್ಟಿದವು. ಮನೆ ನಂಬರು ಹದಿನೇಳು. ಎಪ್ಪತ್ತೊಂದರಲ್ಲಿ ಒಬ್ಬ ಹಕೀಮರಿದ್ದಾರೆ, ಪಾಪ ಮೊಣಕಾಲು ನೋವಿನ ಮುದುಕರು, ನಡೆದು ಬಂದು ಕೊಟ್ಟರು. ಇನ್ನು ಒಂದೇ ಹಾಕು.

ಬರ್ಫಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ. ಮಂಜುಗಡ್ಡೆಯ ಗಟ್ಟಿ ಎಳೆದು ಲಾರಿಗೆ ಹಾಕುವುದು. ಮನೆಯವಳು ಮೌಲಾಬಿ ಚೆನ್ನಾಗಿದ್ದಾಳೆ. ಇಲ್ಲಿ ಗಲ್ಲಿಯ ತುಂಬ ನನ್ನಂಥವರೇ. ಕೂದಲು, ಮೂಗು, ಬಣ್ಣ ಎಲ್ಲ ನನ್ನವೇ. ಬೀದಿಯಲ್ಲಿ ಹೋದರೆ ಯಾರೂ ತಿರುಗಿ ನೋಡುವುದಿಲ್ಲ. ಸುಖವಾಗಬೇಕಿತ್ತು. ಆದರೆ ನಾನು ಬಾಯಿ ತೆರೆದರೆ ಸುರಪುರದ ಮಾತು ಬರುತ್ತದೆ, ಅದಕ್ಕೆ ಇವರು ನಗುತ್ತಾರೆ. ಅಲ್ಲಿ ಮುಖಕ್ಕೆ, ಇಲ್ಲಿ ಮಾತಿಗೆ.

ದಸ್ತಿಯ ವಿಷಯ ತಿಳಿಯಿತು. ಅಚ್ಚಿನವರ ಕಷ್ಟ ಅವರಿಗೆ. ಆದರೆ ಕೈ? ತೂಬಿನ ಬಾಗಿಲು ಇಳಿಸುವ ಚಿತ್ರದಲ್ಲಿ ಎರಡೂ ಕೈ ಬಿಳಿ ಬಿಟ್ಟಿದ್ದೀ. ಕೈ ಬಗ್ಗೆ ಯಾರೂ ಏನೂ ಅಂದಿರಲಿಲ್ಲವಲ್ಲ.

ಆ ಕಲಿಯ ಸುದ್ದಿ ನನಗೆ ಬರೆಯಬೇಡ.

ಮಸ್ತಾನಸಾಬ


ಭೀಮರಾಯನಗುಡಿ ಕ್ಯಾಂಪ್
೨೧ ಜನವರಿ ೧೯೯೦

ಮಸ್ತಾನ,

ಒಂದೂವರೆ ವರ್ಷ ಬರೆಯಲಿಲ್ಲ. "ಅಂವ ಕಲಿ ಸುದ್ದಿ ಬರೀಬ್ಯಾಡ ಅಂದಾನ, ಕಾಗದಾನ ಬರೀಬ್ಯಾಡ ಅಂದಿಲ್ಲಲೋ ಹುಚ್ಚಾ" ಎನ್ನುತ್ತಾಳೆ ಮಾನಮ್ಮ. ಆದರೆ ಆ ಸುದ್ದಿ ಬಿಟ್ಟರೆ ನನ್ನ ಹತ್ತಿರ ಏನಿದೆ? ಬೆಳಿಗ್ಗೆ ಬೋರ್ಡು, ಸಂಜೆ ಕಲಿ. ಕ್ವಾರ್ಟರ್ಸಿನಲ್ಲಿ ಮಾತಾಡಲು ಅವನೊಬ್ಬನೇ, ಅವನೂ ಬಾಯಿ ಕಟ್ಟಿಕೊಂಡಿದ್ದಾನೆ.

ಕೈಯ ವಿಷಯ ನೀನು ಬರೆದದ್ದು ನಿಜ. ಆಮೇಲಿನ ಸಂಚಿಕೆಗಳಲ್ಲಿ ಕೈಗಳನ್ನು ನೀರಿನೊಳಗೇ ಇಟ್ಟು ಬರೆದೆ. ಕಲಿ ಯಾವಾಗಲೂ ಕಾಲುವೆಯಲ್ಲೇ ಯಾಕೆ ನಿಂತಿರುತ್ತಾನೆ, ಅವನಿಗೆ ನೆಗಡಿ ಆಗುವುದಿಲ್ಲವೇ ಎಂದು ಸೈದಾಪುರದಿಂದ ಒಬ್ಬ ಹುಡುಗಿ ಕೇಳಿ ಬರೆದಿದ್ದಳು.

ಮಕ್ಕಳು ಇನ್ನೂ ಕೇಳುತ್ತಾರೆ. ಕಲಿ ಯಾರು? ಯಾವ ಊರು? ದಸ್ತಿ ಯಾಕೆ? ಅಕ್ಕೋರಿಗೆ ಈಗ ಅವನ ಚರಿತ್ರೆ ಬೇಕಂತೆ. ಜೂನ್ ಸಂಚಿಕೆಗೆ ಹದಿನಾರು ಪುಟ, ಮೇ ಹತ್ತರೊಳಗೆ ಕೈಸೇರಬೇಕು. ನಾನು ಒಂದು ಕರಾರು ಹಾಕಿದೆ: ದಸ್ತಿ ಬಿಚ್ಚುವುದಾದರೆ ಮಾತ್ರ ಬರೆಯುತ್ತೇನೆ.

ಬಿಚ್ಚುವ ದಾರಿ ಸಿಕ್ಕಿದೆ. 'ಕಾಲುವೆಯಲ್ಲಿ ಈಜಬಾರದು' ಎಂಬ ಬೋರ್ಡಿಗೆ ಬಿಳಿ ಬಳಿದು, ಒಣಗಿದ ಮೇಲೆ ಕರಿ ಬಳಿದು ಬಂದಿದ್ದೆ. ಅಕ್ಷರ ಬರೆಯಲು ಮರುದಿನ ಹೋದರೆ ಯಾರೋ ಮೊಳೆಯಿಂದ ತಮ್ಮ ಹೆಸರು ಗೀಚಿ ಈಜಲು ಹೋಗಿದ್ದರು. ಬೈಯಲು ಬಾಯಿ ತೆರೆದವನು ಹಾಗೇ ನಿಂತೆ. ಕರಿಯ ಒಳಗಿಂದ ಬಿಳಿ ಗೆರೆ ಎಷ್ಟು ಸ್ಪಷ್ಟ ಕಾಣುತ್ತಿತ್ತು. ಇಷ್ಟು ವರ್ಷ ನಾನು ಬಿಳಿ ಹಾಳೆಗೆ ಕಪ್ಪು ಹಚ್ಚಿ ಮುಖ ಮಾಡಲು ಹೋಗುತ್ತಿದ್ದೆ. ಮುಖ ಮೊದಲೇ ಕಪ್ಪಾಗಿರಬೇಕು. ಅದರ ಮೇಲೆ ಬೆಳಕು ಬಿದ್ದಷ್ಟನ್ನು ಮಾತ್ರ ದಬ್ಬಣದಿಂದ ಗೀರಿ ತೆಗೆಯಬೇಕು. ರಟ್ಟಿಗೆ ಸುಣ್ಣ, ಸುಣ್ಣದ ಮೇಲೆ ಮಸಿ, ಮಸಿಯ ಮೇಲೆ ದಬ್ಬಣ. ಅಚ್ಚಿನವನು ಒತ್ತಿ ನೋಡಿ, "ನಿಂತದಲ್ಲೋ ಮಾರಾಯ" ಅಂದ.

ಈಗ ನಿನ್ನಿಂದ ಎರಡು ಬೇಕು. ಒಂದು, ನಿನ್ನ ಅಜ್ಜನ ಕಥೆ. ಭೂಗೋಳದ ಮಾಸ್ತರರು ಆಫ್ರಿಕಾ ನಕ್ಷೆ ತೂಗುಹಾಕಿದ ದಿನ ಇಡೀ ವರ್ಗ ತಿರುಗಿ ನಿನ್ನ ಕಡೆ ನೋಡಿತ್ತು. ಸುರಪುರದಲ್ಲಿ ಆ ಕಡೆಯಿಂದ ಬಂದ ಹಬಸಿಯವರ ಮನೆಯೆಂದರೆ ನಿಮ್ಮದೊಂದೇ. ನಾವು ಇಷ್ಟು ವರ್ಷ ಜತೆಗಿದ್ದು ನಾನು ಒಮ್ಮೆಯೂ ಕೇಳಲಿಲ್ಲ. ಎರಡು, ನಿನ್ನದೊಂದು ಫೋಟೋ. ಕೊಡುವ ಮನಸ್ಸಿಲ್ಲದಿದ್ದರೆ ಇಲ್ಲವೆಂದಾದರೂ ಬರೆ. ಕಾರ್ಡು ಸಾಕು.

ಅಂಬ್ರಪ್ಪ


ಹೈದರಾಬಾದು
೧೮ ಫೆಬ್ರವರಿ ೧೯೯೦

ಅಂಬ್ರಪ್ಪ,

ಅಜ್ಜನ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ. ಸಣ್ಣವನಿದ್ದಾಗ ಹಡಗಿನಲ್ಲಿ ತಂದರು. ಇಲ್ಲಿ ನಿಜಾಮರ ಕುದುರೆಗಳ ಹತ್ತಿರ ಬೆಳೆದ. ಒಬ್ಬ ಸಾಹೇಬನ ಕುದುರೆ ಹಿಡಿದುಕೊಂಡು ಸುರಪುರಕ್ಕೆ ಬಂದ. ಸಾಹೇಬ ಸತ್ತ, ಕುದುರೆಯೂ ಸತ್ತಿತು, ಅವನು ಅಲ್ಲೇ ಉಳಿದ. ಯಾವ ಊರು, ಯಾವ ಸಮುದ್ರ, ಅಪ್ಪ ಯಾರು ಅವನಿಗೂ ನೆನಪಿರಲಿಲ್ಲವಂತೆ.

ನೀನು ಕೇಳಿದ್ದಕ್ಕೆ ಗಲ್ಲಿಯ ಮುದುಕರನ್ನೆಲ್ಲ ವಿಚಾರಿಸಿದೆ. ಒಬ್ಬೊಬ್ಬರೂ ತಮ್ಮ ಅಜ್ಜ ಸುಲ್ತಾನನ ಮಗನಾಗಿದ್ದ ಎನ್ನುತ್ತಾರೆ. ಇಷ್ಟು ಸುಲ್ತಾನರ ಮಕ್ಕಳನ್ನು ಒಂದೇ ಹಡಗಿನಲ್ಲಿ ಹೇಗೆ ಕೂಡಿಸಿದರೋ, ಜಗಳವಾಡಲಿಲ್ಲವೋ.

ಚರಿತ್ರೆ ನೀನೇ ಹುಟ್ಟಿಸು. ನಮಗೂ ಒಂದು ಇರಲಿ. ಆದರೆ ರಾಜನನ್ನು ಮಾಡಬೇಡ. ಮಂತ್ರದ ಉಂಗುರ ಕೊಡಬೇಡ. ಹಡಗು ಹತ್ತುವ ಮೊದಲು ಅವನಿಗೆ ಒಬ್ಬ ತಾಯಿ ಇರಲಿ, ಊಟಕ್ಕೆ ಹೊತ್ತಾಯಿತೆಂದು ಕರೆಯುವವಳು. ಅಷ್ಟು ಮಾಡು.

ಫೋಟೋ ಇಲ್ಲ, ಇದ್ದರೂ ಕಳಿಸುವುದಿಲ್ಲ. ಮುಖ ಬೇಕಾದರೆ ಬಂದು ನೋಡಿ ಬರೆ. ಯಾದಗಿರಿಯಲ್ಲಿ ಬೆಳಿಗ್ಗೆ ರೈಲು ಹತ್ತಿದರೆ ಸಂಜೆಗೆ ಇಲ್ಲಿರುತ್ತೀ.

ಮಸ್ತಾನಸಾಬ


ಭೀಮರಾಯನಗುಡಿ ಕ್ಯಾಂಪ್
೨ ಏಪ್ರಿಲ್ ೧೯೯೦

ಮಸ್ತಾನ,

ಬರಲಾಗಲಿಲ್ಲ. ಯಾದಗಿರಿಗೆ ಎರಡು ಸಲ ಹೋದೆ, ಸುಳ್ಳಲ್ಲ. ವಾಡಿಯಲ್ಲಿ ರೈಲು ಬದಲಾಯಿಸಬೇಕಂತೆ. ಅಲ್ಲಿ ತಪ್ಪಿ ಸೋಲಾಪುರದ ಕಡೆ ಹೋದರೆ ಏನು ಮಾಡಲಿ? ನಾನು ರಾಯಚೂರು ದಾಟಿದವನಲ್ಲ. ಈಗ ಕಾಲುವೆಗೆ ನೀರು ನಿಲ್ಲಿಸಿದ್ದಾರೆ, ನೀರು ಬರುವುದರೊಳಗೆ ಬೋರ್ಡುಗಳನ್ನೆಲ್ಲ ಹೊಸದು ಮಾಡಬೇಕು. ಹೊಟ್ಟೆಯೂ ಸರಿಯಿಲ್ಲ. ಇವೆಲ್ಲ ನಿಜವೇ. ಒಟ್ಟಿಗೆ ಬರೆದಾಗ ಮಾತ್ರ ನಿಜದಂತೆ ಕಾಣುತ್ತಿಲ್ಲ.

ಹದಿನಾರು ಪುಟ ಮುಗಿದು ಅಕ್ಕೋರಿಗೆ ಹೋದವು. ರಾಜ ಇಲ್ಲ, ಉಂಗುರ ಇಲ್ಲ. ಸಮುದ್ರದ ದಂಡೆಯ ಊರು, ತಾಯಿ, ಹಡಗು, ಕುದುರೆಗಳು, ಸುರಪುರದ ಗುಡ್ಡ, ಮೊಮ್ಮಗ, ಕೊನೆಗೆ ತೂಬು. ಕೊನೆಯ ಪುಟದಲ್ಲಿ ಕಲಿ ದಸ್ತಿ ಬಿಚ್ಚುತ್ತಾನೆ, ಪುಟದ ತುಂಬ ಮುಖ. ಅದೇ ಮುಖವನ್ನು ನಿನಗಾಗಿ ಇನ್ನೊಂದು ರಟ್ಟಿನ ಮೇಲೆ ಗೀರಿ ಕಳಿಸುತ್ತಿದ್ದೇನೆ. ಫೋಟೋ ಇಲ್ಲದಿದ್ದರೂ ನಡೆಯಿತು. ನಿನ್ನ ಮುಖ ನನಗೆ ಬಾಯಿಪಾಠ.

ಸರಿಯಿದೆ ಎಂದು ಒಂದು ಮಾತು ಬರೆ.

ಅಂಬ್ರಪ್ಪ


ಹೈದರಾಬಾದು
೧೬ ಏಪ್ರಿಲ್ ೧೯೯೦

ಅಂಬ್ರಪ್ಪ,

ಕಟ್ಟು ಬಿಚ್ಚಿದವಳು ಮೌಲಾಬಿ. ನೋಡಿದವಳೇ, "ಅಂಬ್ರಪ್ಪಣ್ಣಾರು ಯಾಕ ಇಷ್ಟು ಕರ್ರಗ ಆಗ್ಯಾರ?" ಅಂದಳು. ತಮಾಷೆಗೆ ಅಂದದ್ದಲ್ಲ, ನಿನಗೆ ಏನೋ ಬೇನೆ ಬಂದಿದೆ ಎಂದುಕೊಂಡಳು.

ಆಮೇಲೆ ನಾನು ನೋಡಿದೆ. ಕಿವಿ ನಿನ್ನವು. ಹುಬ್ಬು ನಿನ್ನವು, ಚಿಂತೆಯಲ್ಲಿ ಗಂಟು ಹಾಕಿಕೊಂಡವು. ಗದ್ದದ ಮೇಲೆ ನೀನು ಸಾಲೆಯ ಮೆಟ್ಟಿಲಿಂದ ಬಿದ್ದ ಗಾಯ ಸಹ ಇದೆ. ಕನ್ನಡಿ ನೋಡಿಕೊಂಡು ಬರೆದೆಯಾ?

ಎರಡೂವರೆ ವರ್ಷ ದಸ್ತಿ ಬರೆದು ಬರೆದು ಅದರ ಕೆಳಗೆ ಏನಿತ್ತು ಎಂಬುದು ನಿನಗೆ ಮರೆತುಹೋಗಿದೆ. ನನಗೆ ಸಿಟ್ಟಿಲ್ಲ. ಅಚ್ಚಾಗಲಿ ಬಿಡು. ಇಲ್ಲಿ ಯಾರೂ ಕನ್ನಡ ಓದುವುದಿಲ್ಲ.

ಮಸ್ತಾನಸಾಬ


ನಾಂಪಲ್ಲಿ ಸ್ಟೇಷನ್, ಹೈದರಾಬಾದು
೫ ಮೇ ೧೯೯೦

ಅನ್ನಮ್ಮ ಅಕ್ಕೋರ ಪಾದಕ್ಕೆ ಅಂಬ್ರಪ್ಪನ ನಮಸ್ಕಾರ.

ಹಿಂದೆ ಕಳಿಸಿದ ಪುಟಗಳನ್ನು ಅಚ್ಚಿನ ಬ್ಲಾಕಿಗೆ ಹಾಕಬೇಡಿರೆಂದು ತಂತಿ ಕೊಟ್ಟಿದ್ದೆ, ಮುಟ್ಟಿರಬೇಕು. ಅವುಗಳಲ್ಲಿದ್ದ ಮುಖ ತಪ್ಪು. ಬೆಳಕು ಎಲ್ಲೆಲ್ಲಿ ಬೀಳುತ್ತದೆ ಎಂದು ನೋಡಲು ಮಾನಮ್ಮನ ಕನ್ನಡಿ ಇಟ್ಟುಕೊಂಡಿದ್ದೆ. ಬೆಳಕಿನ ಜತೆ ನಾನೇ ಒಳಗೆ ಬಂದುಬಿಟ್ಟಿದ್ದೆ, ನನಗೆ ತಿಳಿಯಲಿಲ್ಲ. ಹೊಸ ಪುಟಗಳು ಇದರ ಜತೆಗಿವೆ. ಹತ್ತನೆಯ ತಾರೀಖಿನೊಳಗೆ ಮುಟ್ಟಲೆಂದು ರಿಜಿಸ್ಟರ್ ಮಾಡುತ್ತಿದ್ದೇನೆ. ಮಳೆ ಬಂದರೂ ನೆನೆಯದಂತೆ ಮೇಣಗಪಡ ಸುತ್ತಿದ್ದೇನೆ.

ಉಳಿದ ಪುಟಗಳನ್ನು ಕ್ಯಾಂಪಿನಲ್ಲೇ ಮತ್ತೆ ಬರೆದು ತಂದಿದ್ದೆ, ಕಲಿಯ ಮುಖ, ಕೈಗಳನ್ನು ಮಾತ್ರ ಈ ಸಲ ಮಸ್ತಾನನ ಮನೆಯಲ್ಲೇ ಕೂತು ಬರೆದೆ. "ನಿನಗ ರೈಲಿನ ಹೆದರಿಕಿ ಇಲ್ಲಲೇ, ಆ ಮನಿಷಾನ ಮುಂದ ಕುಂದ್ರೋ ಹೆದರಿಕಿ ಅದ" ಎಂದು ಮಾನಮ್ಮ ಬುತ್ತಿ ಕಟ್ಟಿ ಓಡಿಸಿದಳು. ವಾಡಿಯಲ್ಲಿ ನಾಲ್ಕು ಮಂದಿಯನ್ನು ಕೇಳಿದೆ. ನಾಲ್ವರೂ ಒಂದೇ ರೈಲು ತೋರಿಸಿದ ಮೇಲೆ ಹತ್ತಿದೆ.

ಬಾಗಿಲು ತೆರೆದವನು "ಬಂದಿ?" ಅಂದ. ಆಮೇಲೆ "ಕೈಕಾಲು ತೊಕೊ" ಅಂದ. ಅಷ್ಟೇ. ಮೂರು ದಿನ ಕಾರ್ಖಾನೆಯಿಂದ ಬಂದು ನಳದ ಪಕ್ಕದ ಕಲ್ಲಿನ ಮೇಲೆ, ಬಿಸಿಲಿಗೆ ಮುಖ ಕೊಟ್ಟು ಕೂತ. ಒಬ್ಬರ ಮುಖವನ್ನು ಇಷ್ಟು ಹೊತ್ತು ನೋಡುವುದು ಸುಲಭವಲ್ಲ ಅಕ್ಕೋರೆ. ನಾನು ಬಾಯಿಪಾಠ ಎಂದುಕೊಂಡಿದ್ದ ಮುಖ ಅದಲ್ಲ. ಕೆನ್ನೆ ಒಳಗೆ ಹೋಗಿದೆ, ಒಂದು ಹುಬ್ಬಿನಲ್ಲಿ ಬಿಳಿ ಬಂದಿದೆ. ಬರ್ಫು ಹಿಡಿದು ಹಿಡಿದು ಬೆರಳು ಸೀಳಿವೆ. ಈ ಸಲ ಕೈಗಳನ್ನು ನೀರಿನಿಂದ ಹೊರಗೆ ತೆಗೆದಿದ್ದೇನೆ, ಗಮನಿಸಿರಿ.

ಎರಡನೆಯ ದಿನ ಧೈರ್ಯ ಮಾಡಿ, "ಅವತ್ತು ನಾನೂ ನಕ್ಕೆ, ಮಸ್ತಾನ" ಅಂದೆ. ಅವನು ನನ್ನ ಕಡೆ ತಿರುಗಲಿಲ್ಲ. "ಅಲಗಾಡಬ್ಯಾಡ ಅಂದವ ನೀನಽ. ಮಾತಾಡಿದ್ರ ಮುಖ ಅಲಗಾಡ್ತದ" ಅಂದ. ನಾನು ದಬ್ಬಣ ಹಿಡಿದು ಕೆಲಸ ಮಾಡಿದೆ.

ಮೂರನೆಯ ದಿನ ಹದಿನಾರು ಪುಟಗಳನ್ನೂ ಚಾಪೆಯ ಮೇಲೆ ಹಾಸಿದೆ. ಕೊನೆಯ ಪುಟದ ಮುಖವನ್ನು ಅವನು ಬಹಳ ಹೊತ್ತು ನೋಡಲಿಲ್ಲ. ಮೊದಲ ಪುಟದ ಹತ್ತಿರ ಕೂತುಬಿಟ್ಟ. ಸಮುದ್ರದ ದಂಡೆಯಲ್ಲಿ ತಾಯಿ ನಿಂತು ಕರೆಯುವ ಚಿತ್ರ ಅದು. ಮಾತಿನ ಗುಳ್ಳೆಯೊಳಗೆ 'ಮಗಾ, ಊಟಕ್ಕೆ ಬಾ' ಎಂದು ಬರೆದಿದ್ದೆ.

"ಮಗಾ ಅಂತಾಳೇನು? ಹೆಸರು ಹಿಡಿದು ಕರಿಯಂಗಿಲ್ಲೇನು?" ಅಂದ.

ಅಜ್ಜನ ಹೆಸರು ಕೇಳಿದೆ.

"ಸುರಪುರದಾಗ ಬಿಲಾಲಸಾಬ ಅಂತಿದ್ರು. ಅದು ಹಡಗಿನಿಂದ ಇಳಿಸಿದವ್ರು ಇಟ್ಟಿದ್ದು. ಅವ್ವ ಇಟ್ಟಿದ್ದು ಬ್ಯಾರೆ ಇರಬೇಕು."

ಹಾಗಾದರೆ ಅದನ್ನೂ ನಾನು ಹುಟ್ಟಿಸುತ್ತೇನೆ, ಊರು, ದಂಡೆ, ಮರ ಎಲ್ಲ ಹುಟ್ಟಿಸಿದ್ದೇನಲ್ಲ ಅಂದೆ.

"ಉಳಿದದ್ದೆಲ್ಲ ಹುಟ್ಟಿಸು, ಅಂಬ್ರ್ಯಾ. ಇದೊಂದು ಬ್ಯಾಡ."

ಮೂರು ದಿನದಲ್ಲಿ ನನ್ನ ಹೆಸರು ಅವನ ಬಾಯಲ್ಲಿ ಬಂದದ್ದು ಅದೊಂದೇ ಸಲ. ನಾನು ಬಿಳಿ ಹಚ್ಚಿ ಗುಳ್ಳೆಯ ಮಾತುಗಳನ್ನು ಅಳಿಸಿದೆ. ಇಂದು ಅವನಿಗೆ ಹಗಲು ಪಾಳಿ, ಸ್ಟೇಷನ್ನಿಗೆ ನಾನೊಬ್ಬನೇ ಬಂದೆ.

ಅಕ್ಕೋರೆ, ಇನ್ನೊಂದು ವಿಷಯ, ಇದಕ್ಕಾಗಿಯೇ ಈ ಕಾಗದ. ಮೊದಲ ಪುಟದ ಎರಡನೆಯ ಚೌಕದಲ್ಲಿ ತಾಯಿಯ ಬಾಯಿ ತೆರೆದಿದೆ, ಗುಳ್ಳೆ ಖಾಲಿ ಇದೆ. ಅಚ್ಚಿನ ಮನೆಯವರು ನಾನು ಮರೆತೆನೆಂದು ತಿಳಿದು ಏನಾದರೂ ತುಂಬಿಯಾರು, ಒಳ್ಳೆಯ ಮನಸ್ಸಿನಿಂದಲೇ ತುಂಬಿಯಾರು. ತುಂಬಬಾರದು. ಖಾಲಿ ಗುಳ್ಳೆ ಯಾಕೆ ಎಂದು ಅದನ್ನು ಕತ್ತರಿಸಲೂಬಾರದು. ಅವಳು ಕರೆಯುತ್ತಿದ್ದಾಳೆ. ದಯವಿಟ್ಟು ತಾವೇ ಮುಂದೆ ನಿಂತು ನೋಡಿಕೊಳ್ಳಿರಿ, ಅದು ಖಾಲಿಯೇ ಅಚ್ಚಾಗಬೇಕು.

ತಮ್ಮ ವಿಧೇಯ
ಅಂಬ್ರಪ್ಪ, ಪೇಂಟರ್